ಮಡಿ

ಹಿತ್ತಿಲ ಮಣ್ಣು ಎಂಥಾ ಅಂಟೆಂದರೆ
ಒರಳಿಗೆ ಹಾಕಿ ಚಕ್ಕುಲಿ ಒತ್ತಬಹುದು.
ಗೀಲಾಂಗಿನ ಜೇಡಿ. ಗುದ್ದಲಿ ನನ್ನದು, ಹೊಸದು,
ಬೆಲೆಚೀಟಿ ಇನ್ನೂ ಹಿಡಿಯಲ್ಲೇ.

"ನೆಲ ಬಿಡು, ಮೇಲೆ ಕಟ್ಟಿಕೋ"
ಎಂದ ಬೇಲಿಯಾಚೆಯ ಸ್ಲಾವ್ಕೊ.
ತಗಡಿನ ಮಡಿ ತಂದು ನಿಲ್ಲಿಸಿದೆ.
ತಳಕ್ಕೆ, ಮನೆ ಬದಲಿಸಿದಾಗಿನ ರಟ್ಟಿನ ಪೆಟ್ಟಿಗೆ
ಬಿಚ್ಚಿ ಹಾಸಿದರೆ
'ದೇವರ ಸಾಮಾನು', ನನ್ನದೇ ಅಕ್ಷರ, ಮೇಲ್ಮುಖವಾಗಿ.
ಮಗುಚಿದೆ.
ಅದರ ಮೇಲೆ ಕೊಂಬೆ, ತರಗು,
ರೇಸ್ ಕುದುರೆಗಳ ಹಳೇ ಲದ್ದಿ.
ಮೈಲಿಗೆಯಿಲ್ಲದೆ ಆಗದ ಮಡಿ ಇದೊಂದೇ.

ಅಂಚಿನವರೆಗೆ ತುಂಬಿ, ತಟ್ಟಿ, ಬೀಗಿದೆ.
ಮೂರು ವಾರಕ್ಕೆ ಗೇಣು ಕುಸಿದಿದೆ!
"ಯಾರು ಕದ್ದರು?"
ಸ್ಲಾವ್ಕೊ ಬೆರಳು ತೂರಿಸಿ ಎತ್ತಿ ತೋರಿಸಿದ:
ಎರೆಹುಳು,
ಉಂಡು ಮಿರಿಮಿರಿ.

ಬಡಿಸಿದವಳು ನಾನೇ ತಾನೆ.
ಮತ್ತೆರಡು ಮೂಟೆ ತರಲು ಕಾರು ತೆಗೆದೆ.