ಚಿಲಕ

ಗೋಣಿಕೊಪ್ಪದಲ್ಲಿ ಟೈಪಿಂಗ್ ಕ್ಲಾಸು ಬಿಡುವುದು ಆರಕ್ಕೆ.
ಬಿರುನಾಣಿಯ ಕಡೇ ಬಸ್ಸು ಏಳಕ್ಕೆ ಹತ್ತು ನಿಮಿಷವಿರುವಾಗ.
ನಡುವಿನ ಹೊತ್ತು ಟಾಕೀಸಿನದು.

ಆಪರೇಟರ್ ಮೊಯ್ದು ಗೇಟಿನಲ್ಲಿ ಬೀಡಿ ಹೊಸಕುತ್ತ ಅನ್ನುತ್ತಿದ್ದ:
'ಟ್ರೈಲರಿಗೆ ಯಾರು ಟಿಕೆಟ್ ಕೇಳ್ತಾರೆ, ಹೋಗಿ.'
ಮುತ್ತಕ್ಕಿ, ನಾನು, ಕೊನೆಯ ಬೆಂಚು,
ಬೆರಳ ತುದಿಯಲ್ಲಿನ್ನೂ ರಿಬ್ಬನ್ನಿನ ಮಸಿ.

ಕುದುರೆ ಬೀಳುತ್ತಿತ್ತು, ಕಾರು ಹಾರುತ್ತಿತ್ತು,
ಗಡಸು ದನಿಯೊಂದು 'ಅತಿ ಶೀಘ್ರದಲ್ಲಿ!' ಎಂದು ಗದರುತ್ತಿತ್ತು
ಬಾಕಿ ವಸೂಲಿಗೆ ಬಂದವರ ಹಾಗೆ.
ಅಸಲು ಸಿನಿಮಾದ ಹೆಸರು ಬೀಳುವಷ್ಟರಲ್ಲಿ
ನಾವು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ, ಓಡುತ್ತ.

ಒಂದು ಮಾತ್ರ ಕಣ್ಣು ಬಿಟ್ಟು ಹೋಗಲಿಲ್ಲ.
ಹಿಂದೆ ಸಂಗೀತವಿಲ್ಲ. ಯಾರೋ ಬಾಗಿಲು ಬಡಿದರು.
ಪಾತ್ರೆ ತೊಳೆಯುತ್ತಿದ್ದವಳು ಎದ್ದಳು,
ಒದ್ದೆ ಕೈ ಸೆರಗಿಗೆ ಒರೆಸಿದಳು,
ಚಿಲಕದ ಮೇಲೆ ಬೆರಳಿಟ್ಟಳು
ಕತ್ತಲು.

ಪೊನ್ನಂಪೇಟೆ ದಾಟುವವರೆಗೆ ಬಡಿದವನು ಅವಳ ಗಂಡ,
ಹುದಿಕೇರಿಯಲ್ಲಿ ಪೊಲೀಸು,
ಶೆಟ್ಟಿಗೇರಿಯಲ್ಲಿ ಚಿಲ್ಲರೆ ಎಣಿಸುತ್ತ ಕಂಡಕ್ಟರ್ ಚಂಗಪ್ಪ ಅಂದ:
'ಪಕ್ಕದ ಮನೆಯವರು. ಸಕ್ಕರೆ ಕೇಳೋಕೆ.'

ಸಿನಿಮಾ ಬಂತು, ವರ್ಷ ತಡವಾಗಿ.
ಮುತ್ತಕ್ಕಿಯ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇವೆಂದು ಹೇಳಿ
ಪೂರ್ತಿ ನೋಡಿದೆವು. ಹದಿನಾಲ್ಕು ರೀಲು.
ಆ ಬಾಗಿಲೇ ಇರಲಿಲ್ಲ.
'ಕತ್ತರಿಸಿರಬೇಕು' ಅಂದ ಮೊಯ್ದು,
ಕತ್ತರಿ ತನ್ನ ಕೈಯಲ್ಲೇ ಇದ್ದವನಂತೆ ತಲೆ ತಗ್ಗಿಸಿ.

ಈಗ ಮೊಮ್ಮಗ ಫೋನಿನಲ್ಲಿ ತೋರಿಸುವ ಟ್ರೈಲರುಗಳಲ್ಲಿ
ಎರಡೂವರೆ ನಿಮಿಷಕ್ಕೆ ಮದುವೆ, ಮೋಸ, ಚಿತೆ, ಎಲ್ಲ ಮುಗಿದಿರುತ್ತದೆ.
ಚೆನ್ನಾಗಿದೆ ಅನ್ನುತ್ತೇನೆ.

ಮುತ್ತಕ್ಕಿ ಕುಟ್ಟದಿಂದ ಫೋನು ಮಾಡಿದರೆ
ಮೊದಲು ಕೇಳುವುದು ನನ್ನ ಮಂಡಿನೋವನ್ನಲ್ಲ:
'ತೆಗೆದಳಾ?'
'ಇಲ್ಲ ಮಾರಾಯ್ತಿ, ಇನ್ನೂ ಕೈ ಒರೆಸ್ತಿದ್ದಾಳೆ.'