ಸಂಕೇತ ಒಂಬತ್ತು

ಉಲಾನ್‌ಬಾತರಿನ ಗುಡ್ಡದ ಓರೆಯ ಶಿಶುವಿಹಾರದಲ್ಲಿ
ಮೂರು ವರ್ಷದವರ ಕುರ್ಚಿಯ ಮೇಲೆ ಕೂತಿದ್ದೆ,
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು.
ಕೈಯಲ್ಲಿ ಸ್ಟಾಪ್‌ವಾಚು, ತೊಡೆಯ ಮೇಲೆ ಫಾರಮ್ಮು:
ಅರ್ಧ ನಿಮಿಷ ನೋಡು, ಅರ್ಧ ನಿಮಿಷ ಬರೆ.
ಶಿಕ್ಷಕಿ ಮಗುವಿನೆತ್ತರಕ್ಕೆ ಬಗ್ಗಿದಳೇ?
ಒಂದೇ ಮಾತಿಗೆ ಮುಗಿಯದ ಪ್ರಶ್ನೆ ಎಷ್ಟು ಕೇಳಿದಳು?
ನಗಬೇಡ, ಉತ್ತರಿಸಬೇಡ,
ಗೋಡೆಯಾಗಿರು
ಎಂದಿದ್ದರು ತರಬೇತಿಯಲ್ಲಿ.

ಅವಳು ಓಯುಂಚಿಮೆಗ್. ಫಾರಮ್ಮಿನಲ್ಲಿ ೦೪೧೭.
ಮೂವತ್ತೆಂಟು ಮಕ್ಕಳು, ಡಿಸೆಂಬರಿನ ಬೆಳಗು,
ಟೋಪಿಗಳೊಳಗೆ ಅಡಗಿ ಬರುವ ಕಲ್ಲಿದ್ದಲ ಹೊಗೆ.
ಒಂದೊಂದೇ ಬೂಟು ಎಳೆದು, ಮರಗಟ್ಟಿದ ಪಾದ ಅಂಗೈಯಲ್ಲಿ ತಿಕ್ಕಿ
ಬೆರಳು ಹಿಡಿದು ಕೇಳುವಳು:
ಇದು ಯಾವ ಕುರಿ? ರಾತ್ರಿಯೆಲ್ಲ ಎಲ್ಲಿ ಮೇಯುತ್ತಿತ್ತು?
ಮ್ಯಾಗ್ಮರನದು ಮಾತು ಹೊರಡದ ಬಾಯಿ. ಅವನಿಗೂ ಕೇಳಿದಳು,
ಕಾದಳು, ಇನ್ನೂ ಕಾದಳು.
ಅಷ್ಟರಲ್ಲಿ ನನ್ನ ಅರ್ಧ ನಿಮಿಷ ಮುಗಿದಿತ್ತು.
ಬರೆದೆ: ಪ್ರಶ್ನೆ ಎರಡು, ಉತ್ತರ ಸೊನ್ನೆ.

ಮೂರು ಗಂಟೆಯ ಮೇಲೆ ಅವಳ ಮಾತು ಇಳಿಯುತ್ತಿತ್ತು;
ಯಂತ್ರ ಎಣಿಸಿತ್ತು, ಬೆಳಗಿನ ಅರ್ಧದಷ್ಟೂ ಇಲ್ಲ.
ಆಗ ಅವಳು ನಿಂತೇ ಉಪ್ಪಿನ ಚಹಾ ಕುಡಿಯುತ್ತಿದ್ದಳು,
ಇನ್ನೊಂದು ಕೈಯಲ್ಲಿ ಯಾರದೋ ಒದ್ದೆ ಚಡ್ಡಿ.

ಸಂಬಳದ ಸಾಲಿಗೆ ಎಂಟು ಚೌಕ ಕೊಟ್ಟಿದ್ದರು.
ಏಳು ತುಂಬಿ ಒಂದು ಉಳಿಯಿತು.
‘ಇದು ಯಾರದು?’ ಎಂದಳು.
ನಾನು ಗೋಡೆ.

ಎರಡನೇ ಸುತ್ತು, ಮಾರ್ಚ್.
ಬಾಗಿಲಲ್ಲಿ ಬೇರೆ ಹುಡುಗಿ, ಅವಸರದ ಕೈ.
ಕೈಪಿಡಿಯಲ್ಲಿದೆ: ಸಿಬ್ಬಂದಿ ಬಿಟ್ಟಿದ್ದರೆ
ಸಂಕೇತ ಒಂಬತ್ತು. ಕಾರಣ ಬೇಕಿಲ್ಲ.
ಕಾರಣವನ್ನು ಅಡುಗೆಯವಳು ಹೇಳಿದಳು, ನಾನು ಕೇಳದೆಯೇ:
ಕ್ಯಾಶ್ಮೀರ್ ಗಿರಣಿಗೆ ಹೋದಳು,
ನಯದ ಕೂದಲಿಂದ ಒರಟು ಕೂದಲು ಹೆಕ್ಕುವ ಕೆಲಸ.
ಸಂಬಳವೇನೂ ಮಹಾ ಅಲ್ಲ.
ಆದರೆ ಕುರ್ಚಿಗಳು ದೊಡ್ಡವರ ಅಳತೆಯವು.

ಒಂಬತ್ತು ಬರೆದೆ. ಸೊಟ್ಟಗಾಯಿತು, ತಿದ್ದಿದೆ.

ಅಷ್ಟರಲ್ಲಿ ಮ್ಯಾಗ್ಮರ್,
ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು,
ಕುಂಟುತ್ತ ಬಂದು
ಕೆಂಪು ಪಾದವನ್ನು ಫಾರಮ್ಮಿನ ಮೇಲೆಯೇ ಇಟ್ಟ.
ಸ್ಟಾಪ್‌ವಾಚು ಓಡುತ್ತಿತ್ತು.
ಹೆಬ್ಬೆರಳು ಹಿಡಿದೆ. ಇದು ಯಾವ ಕುರಿ?
ಅವನು ಸುಮ್ಮನೆ ನೋಡಿದ.
ಎರಡನೆಯದು. ಮೂರನೆಯದು. ಕಿರುಬೆರಳು,
ಇದು ಯಾವ ಕುರಿ?

‘ಅದು ಕುರಿ ಅಲ್ಲ,’ ಎಂದ ಮ್ಯಾಗ್ಮರ್,
ನನ್ನ ಅಜ್ಞಾನಕ್ಕೆ ಹುಬ್ಬು ಗಂಟಿಕ್ಕಿ,
‘ನಾಯಿ.’