ಎವೆಯಿಕ್ಕುವ ಪರದೆ

ಮೊದಲು ಅವಳು ಅಕ್ಷರಗಳನ್ನು ದೂರಿದಳು.
ವಿನ್ ಮತ್ತು ಕಾನ್: ಒಂದೇ ಹೊಟ್ಟೆಯ ಎರಡು ಅಕ್ಷರ,
ಒಂದರ ನೆತ್ತಿಗೆ ಕೋಲು, ಅಷ್ಟೇ ವ್ಯತ್ಯಾಸ.
ಮಧ್ಯಾಹ್ನ ಮೂರರ ಹೊತ್ತಿಗೆ ಆ ಕೋಲೂ ಕರಗುತ್ತಿತ್ತು.
ಆಮೇಲೆ ಕನ್ನಡಕವನ್ನು ದೂರಿದಳು.
ಆಮೇಲೆ ವಯಸ್ಸನ್ನು. ಐವತ್ತೆಂಟು ದೊಡ್ಡದೇನಲ್ಲ,
ಆದರೆ ಬೈದರೆ ತಿರುಗಿ ಮಾತಾಡುವುದಿಲ್ಲ.

ತಿಬಿಲಿಸಿಯ ಹಳೆ ಓಣಿ, ಮೂರನೆಯ ಮಹಡಿ,
ಹಲ್ಲು ಸಡಿಲಿದ ಮರದ ಮೊಗಸಾಲೆ.
ಒಳಕೋಣೆಯಲ್ಲಿ ಲಮಾರಾ, ಹನ್ನೊಂದು ವರ್ಷದಿಂದ
ಒಂದೇ ನಿಘಂಟಿನ ಕರಡು ತಿದ್ದುತ್ತ
ಈಗ ಮಕಾರಕ್ಕೆ ಬಂದಿದ್ದಾಳೆ.
ರಾತ್ರಿ ರೆಪ್ಪೆ ಮುಚ್ಚಿದರೆ
ಒಳಗೆ ಯಾರೋ ರವೆ ಹುರಿಯುತ್ತಾರೆ.

ಡಾಕ್ಟರ್ ಗುಗುಲಿ ಅವಳನ್ನು ಪರದೆಯ ಮುಂದೆ ಕೂರಿಸಿ
ಗಡಿಯಾರ ಹಿಡಿದು ಎಣಿಸಿದಳು.
ನಿಮಿಷಕ್ಕೆ ನಾಲ್ಕು.
"ನೀವು ಎವೆಯಿಕ್ಕುವುದನ್ನೇ ಬಿಟ್ಟಿದ್ದೀರಿ" ಎಂದಳು,
ಊಟ ಬಿಟ್ಟವರಿಗೆ ಹೇಳುವ ದನಿಯಲ್ಲಿ.

ದೇವತೆಗಳು ಎವೆಯಿಕ್ಕುವುದಿಲ್ಲ ಎನ್ನುತ್ತದೆ ನನ್ನ ಭಾಷೆ.
ಅನಿಮಿಷರು ಎಂದೇ ಅವರಿಗೆ ಹೆಸರು.
ಬೆವರದವರಿಗೆ, ಮಾಲೆ ಬಾಡದವರಿಗೆ ಅದು ಸರಿ.
ಅವರು ಕರಡು ತಿದ್ದಿದ್ದನ್ನು ಮಾತ್ರ
ಯಾರೂ ಕಂಡಿಲ್ಲ.

ತಂಗಿಯ ಮಗ ಜಾಬಾ, ಬೆಸುಗೆಯ ಹೊಗೆ ಮೂಸಿ ಬೆಳೆದವನು,
ಹಳೆ ಸಾಮಾನಿನ ಸಂತೆಯಿಂದ ಫಲಕವೊಂದನ್ನು ಹೊತ್ತು ತಂದ.
ಯಾವುದೋ ನಿಲ್ದಾಣದಲ್ಲಿ ಬಸ್ಸಿನ ವೇಳೆ ತೋರಿಸುತ್ತಿದ್ದದ್ದು,
ಮೂಲೆಯಲ್ಲಿ ಸೀಳು. ನಾಲ್ಕು ಭಾನುವಾರ ತಂತಿ ಹೆಣೆದು
ಅವಳ ಕಂಪ್ಯೂಟರಿಗೆ ಅಂಟಿಸಿದ.

"ದೀಪ ಎಲ್ಲೋ?"
"ದೀಪ ಇಲ್ಲ, ಚಿಕ್ಕಮ್ಮ, ದೊಡ್ಡಮ್ಮ, ಏನಾದರೂ ಅನ್ನಲಿ,
ಒಳಗೆ ಎಣ್ಣೆಯ ಹನಿಗಳು, ಹನಿಯಲ್ಲಿ ಕರಿ ಪುಡಿ, ಬಿಳಿ ಪುಡಿ.
ಕರೆದದ್ದು ಮೇಲೆ ಬರುತ್ತೆ, ಇನ್ನೊಂದು ತಳಕ್ಕಿಳಿಯುತ್ತೆ.
ದೀಪ ಅಲ್ಲಿದೆ" ಎಂದು
ಮೊಗಸಾಲೆಯ ಆಚೆ, ಸೂರ್ಯನತ್ತ ಕೈ ತೋರಿಸಿದ.

ಹೀಗೆ ಮೇಜು ಹೊರಗೆ ಬಂತು.

ನಿಧಾನವೆಂದರೆ ನಿಧಾನ.
ಬೆರಳು ಒತ್ತಿದ ಮೇಲೆ ಅಕ್ಷರ ಏಳುತ್ತದೆ,
ಕೆಳಮನೆಯ ಸೀರಾನುಷ್ ಮೆಟ್ಟಿಲು ಹತ್ತುವ ಹಾಗೆ,
ನಡುವೆ ನಿಂತು, ಉಸಿರೆಳೆದು.
ಬಣ್ಣವೂ ಇಲ್ಲ. ಸಂಪಾದಕ ಮುರ್ಮಾನನ ಕೆಂಪು ಟಿಪ್ಪಣಿಗಳು
ಬರೀ ಬೂದಿ. ಅದರಿಂದಲೋ ಏನೋ
ಅವನ ಸಿಟ್ಟಿಗೂ ಮೊದಲಿನ ಕಾವಿಲ್ಲ.

ಅಳಿಸಿದ್ದು ಪೂರ್ತಿ ಹೋಗುವುದಿಲ್ಲ.
ತಪ್ಪು ಪದದ ಮೇಲೆ ಸರಿ ಪದ ಬರೆದರೆ
ತಪ್ಪಿನ ನೆರಳು ಕೆಳಗೆ ಮಲಗಿರುತ್ತದೆ,
ಒಗೆದರೂ ಉಳಿದ ವೈನಿನ ಕಲೆಯಂತೆ.
ಕಲೆ ಹೆಚ್ಚಾದಾಗ ಪರದೆ ತಾನೇ
ಒಮ್ಮೆ ಪೂರಾ ಕಪ್ಪಾಗಿ, ಪೂರಾ ಬೆಳ್ಳಗಾಗಿ,
ಮತ್ತೆ ಪುಟವನ್ನು ಹಿಡಿಯುತ್ತದೆ.

ಮೊದಲ ವಾರ ಅವಳು ಅದಕ್ಕೆ ಬೆಚ್ಚುತ್ತಿದ್ದಳು.
ಮೂರನೆಯ ವಾರ ಜಾಬಾ ಪಕ್ಕದಲ್ಲಿ ಕೂತು ಅಕ್ಕಿ ಆರಿಸುವಾಗ ನೋಡಿದ:
ಪರದೆ ಎವೆಯಿಕ್ಕಿತು.
ದೊಡ್ಡಮ್ಮನೂ ಇಕ್ಕಿದಳು.
ಅವನು ಏನೂ ಹೇಳಲಿಲ್ಲ. ಹೇಳಿದರೆ ನಿಂತುಬಿಡಬಹುದು.

ರವೆ ಹುರಿಯುವುದು ನಿಂತಿಲ್ಲ, ಉರಿ ಸಣ್ಣದಾಗಿದೆ.
ಕಣ್ಣಿನ ಹನಿಯ ಸೀಸೆ ಇನ್ನೂ ಮೇಜಿನ ಮೇಲಿದೆ.
ಮೋಡ ಬಂದರೆ ಕೆಲಸವಿಲ್ಲ. ಡಿಸೆಂಬರಿನಲ್ಲಿ
ನಾಲ್ಕೂವರೆಗೆಲ್ಲ ಮೇಜಿನ ದೀಪ ಹಚ್ಚಿ
ಕೋಟಿನೊಳಗೆ ಮುದುಡಿ ಕೂರುತ್ತಾಳೆ.

ನಿನ್ನೆ ಸಂಜೆ ಓಣಿಗೆಲ್ಲ ಕರೆಂಟು ಹೋಯಿತು.
ಸೀರಾನುಷ್ ಮೇಣದಬತ್ತಿ ಹಿಡಿದು ಬಂದಳು, ಉಸಿರೆಳೆದಳು.
ಯಂತ್ರ ಸತ್ತಿತ್ತು. ಪುಟ ಮಾತ್ರ ಅಲ್ಲೇ ಇತ್ತು,
ಅರ್ಧ ತಿದ್ದಿದ ಮಕಾರ, ಕಾಯುತ್ತ.
ಬತ್ತಿಯನ್ನು ಓರೆಯಾಗಿ ಹಿಡಿದಾಗ
ಸೀಳಿನ ಹತ್ತಿರ, ಎಲ್ಲ ಪದಗಳ ತಳದಲ್ಲಿ,
ಇನ್ನೊಂದು ಬರಹ ಕಂಡಿತು. ಲಮಾರಾ ಓದಲಿಲ್ಲ,
ಸೀರಾನುಷಳೇ ಓದಿದ್ದು, ಕಣ್ಣು ಕಿರಿದು ಮಾಡಿ:
"ಮೂವತ್ತೊಂದನೇ ನಂಬರು. ಇನ್ನು ನಾಲ್ಕು ನಿಮಿಷ."
"ಹಾಗಾದರೆ ಕೂರು" ಎಂದಳು ಲಮಾರಾ.